ಮುಖ ನೋಡಿ ಮಣೆ ಹಾಕುವವರು

ಹೆಣ್ಣುಮಗಳೊಬ್ಬಳ ಮುಖದ ಮೇಲೆ ಆಸಿಡ್ ಬಿದ್ದರೆ ನಮ್ಮ ದೇಶದಲ್ಲಿ ಅದು ಎರಡು ದಿನದ ಸುದ್ದಿ. ಮೊದಲ ದಿನ ಮುಖಪುಟದಲ್ಲಿ, ಎರಡನೆಯ ದಿನ ಒಳಪುಟದಲ್ಲಿ. ಮೂರನೆಯ ದಿನ ಆ ಜಾಗಕ್ಕೆ ಯಾವುದೋ ಜವಳಿ ಅಂಗಡಿಯ ಜಾಹೀರಾತು ಬಂದಿರುತ್ತದೆ; ಅದರಲ್ಲಿ ಒಂದು ಕಲೆಯಿಲ್ಲದ, ಸುಕ್ಕಿಲ್ಲದ, ನಗುವ ಮುಖ. ಆದರೆ ಸುಟ್ಟ ಮುಖವನ್ನು ಹೊತ್ತವಳು ಮೂರನೆಯ ದಿನವೂ ಬದುಕಿರುತ್ತಾಳೆ. ಮೂವತ್ತು ವರ್ಷವಾದ ಮೇಲೂ ಬದುಕಿರುತ್ತಾಳೆ. ಅವಳು ಉಣ್ಣಬೇಕು, ಉಡಬೇಕು, ಬಾಡಿಗೆ ಕಟ್ಟಬೇಕು, ಬಸ್ಸು ಹತ್ತಬೇಕು, ಕೆಲಸ ಕೇಳಿಕೊಂಡು ನಾಲ್ಕು ಬಾಗಿಲು ತಟ್ಟಬೇಕು. ಆ ಬದುಕಿನ ಸುದ್ದಿಯನ್ನು ಅಚ್ಚು ಹಾಕುವವರು ಯಾರು?

2022ರ ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನ ಸುಂಕದಕಟ್ಟೆಯಲ್ಲಿ ಕೆಲಸಕ್ಕೆಂದು ಬಂದಿದ್ದ ಯುವತಿಯೊಬ್ಬರ ಮೇಲೆ ಆಸಿಡ್ ಎರಚಲಾಯಿತು. ಆರೋಪಿ ತಲೆಮರೆಸಿಕೊಂಡ. ಸುಮಾರು ಎರಡು ವಾರಗಳ ನಂತರ ತಮಿಳುನಾಡಿನ ತಿರುವಣ್ಣಾಮಲೈಯ ಆಶ್ರಮವೊಂದರಲ್ಲಿ ಕಾವಿ ತೊಟ್ಟು ಕುಳಿತಿದ್ದವನನ್ನು ಪೊಲೀಸರು ಹಿಡಿದು ತಂದರು. ಆ ದಿನಗಳ ಸುದ್ದಿಯಲ್ಲಿ ನಮ್ಮ ಜನಕ್ಕೆ ಇಂದಿಗೂ ನೆನಪಿರುವುದು ಯಾವುದು? ಕಾವಿ ತೊಟ್ಟ ಆರೋಪಿಯ ಚಿತ್ರ. ಅವನು ಎಲ್ಲಿ ಅಡಗಿದ್ದ, ಹೇಗೆ ವೇಷ ಮರೆಸಿದ್ದ ಎಂಬ ಪತ್ತೇದಾರಿ ಕಥೆ. ಆ ಯುವತಿಗೆ ಎಷ್ಟು ಸಲ ಶಸ್ತ್ರಚಿಕಿತ್ಸೆ ಆಯಿತು, ಆ ಮನೆಯ ಸಂಪಾದನೆ ಏನಾಯಿತು ಎಂದು ಕೇಳಿದರೆ ಉತ್ತರ ಹೇಳಬಲ್ಲವರು ಎಷ್ಟು ಮಂದಿ ಸಿಕ್ಕಾರು?

2024ರ ಮಾರ್ಚ್ 4ರಂದು ದಕ್ಷಿಣ ಕನ್ನಡದ ಕಡಬದಲ್ಲಿ, ಸರಕಾರಿ ಕಾಲೇಜಿನ ಆವರಣದಲ್ಲೇ, ಪಿಯುಸಿ ಪರೀಕ್ಷೆಯ ಹೊತ್ತಿನಲ್ಲಿ ಮೂವರು ವಿದ್ಯಾರ್ಥಿನಿಯರ ಮೇಲೆ ಆಸಿಡ್ ಬಿತ್ತು. ಗುರಿಯಾಗಿದ್ದವಳು ಒಬ್ಬಳು, ಪಕ್ಕದಲ್ಲಿ ಕುಳಿತಿದ್ದ ತಪ್ಪಿಗೆ ಇನ್ನಿಬ್ಬರು ಸುಟ್ಟುಕೊಂಡರು. ಅಂದು ರಾಜ್ಯವೇ ಮರುಗಿತು. ಆಮೇಲೆ ರಾಜ್ಯವೇ ಮರೆಯಿತು. ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ಲೆಕ್ಕದಂತೆ ದೇಶದಲ್ಲಿ ಇಂಥ ದಾಳಿಗಳು ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 200. ಹಾಗಾದರೆ ವರ್ಷಕ್ಕೆ 200 ಸಲ ಮರುಗಿ 200 ಸಲ ಮರೆಯುವುದೇ ಪತ್ರಿಕಾಧರ್ಮವೆ?

ಬರೆಯುವ ಭಾಷೆಯನ್ನೂ ನೋಡಿ. ಶಾಲೆಯಲ್ಲಿ ಮಕ್ಕಳಿಗೆ ಕರ್ತೃ, ಕರ್ಮ, ಕ್ರಿಯಾಪದ ಎಂದು ಪಾಠ ಹೇಳುತ್ತೇವೆ. ಕೆಲಸ ಮಾಡಿದವನು ಕರ್ತೃ. 'ಪ್ರೀತಿ ನಿರಾಕರಿಸಿದ್ದಕ್ಕೆ ಯುವತಿಗೆ ಆಸಿಡ್' ಎಂಬ ತಲೆಬರಹದಲ್ಲಿ ಕರ್ತೃ ಎಲ್ಲಿ? ಎರಚಿದವನು ವಾಕ್ಯದಿಂದಲೇ ಪರಾರಿ. ಅವಳು ನಿರಾಕರಿಸಿದ್ದು ಕಾರಣವಾಯಿತು. ಅವಳ ಒಂದು 'ಬೇಡ' ಎಂಬ ಮಾತು ಅಪರಾಧದ ಬೀಜವಾಯಿತು. ಹೆಣ್ಣು 'ಬೇಡ' ಎಂದಳು, ಗಂಡು ಕೊಲ್ಲಲು ಹೊರಟ ಎಂಬುದಕ್ಕೆ ನಮ್ಮ ಪತ್ರಿಕೆಗಳು ಕೊಟ್ಟಿರುವ ಹೆಸರು 'ಪ್ರೇಮ ವೈಫಲ್ಯ'. ಪ್ರೇಮವೆಂಬ ಮಾತಿಗೆ ಇದಕ್ಕಿಂತ ದೊಡ್ಡ ಅಪಮಾನ ಬೇಕೆ? ಇನ್ನು ಕೆಳಗಿನ ಸಾಲು: 'ಸುಂದರ ಯುವತಿಯ ಬಾಳು ಕತ್ತಲಾಯಿತು.' ಸುಂದರಿಯಲ್ಲದವಳ ಮೇಲೆ ಎರಚಿದ್ದರೆ ಅಪರಾಧ ಸಣ್ಣದಾಗುತ್ತಿತ್ತೆ? ಬಾಳು ಕತ್ತಲಾಯಿತೆಂದು ತೀರ್ಪು ಕೊಡಲು ಇವರು ಯಾರು? ಆ ಮಾತು ಓದಿದ ಕಾರ್ಖಾನೆಯ ಯಜಮಾನ, ಮನೆಯ ಮಾಲೀಕ, ಅಂಗಡಿಯ ಸಾಹುಕಾರ ಎಲ್ಲರೂ ಅದನ್ನೇ ನಂಬಿ, ಬಾಗಿಲಿಗೆ ಬಂದವಳನ್ನು ಕತ್ತಲೆಗೇ ತಿರುಗಿ ಕಳಿಸುತ್ತಾರೆ.

ವಾಚಕರು ಇದನ್ನು ಕೇವಲ ಆಸಿಡ್‌ನ ಪ್ರಶ್ನೆ ಎಂದು ತಿಳಿಯಬಾರದು. ಮುಖ ಕೆಡುವುದಕ್ಕೆ ನಮ್ಮ ನಾಡಿನಲ್ಲಿ ನೂರು ದಾರಿಗಳಿವೆ, ಮತ್ತು ಅವುಗಳಲ್ಲಿ ಬಹುಪಾಲು ಬಡವರ ಕೇರಿಯನ್ನು ಹಾದೇ ಹೋಗುತ್ತವೆ. ಸ್ಟೌ ಸಿಡಿದು ಸುಟ್ಟುಕೊಂಡ ಗೃಹಿಣಿ ಇದ್ದಾಳೆ. ಪಟಾಕಿಯ ಮದ್ದು ತುಂಬುವಾಗ ಬೆಂದ ಕೂಲಿಯವನಿದ್ದಾನೆ. ಸೀಳು ತುಟಿಯೊಡನೆ ಹುಟ್ಟಿದ ಕೂಸು ಇದೆ. ಜಗತ್ತಿನಲ್ಲಿ ಸುಮಾರು 700 ಕೂಸುಗಳಿಗೆ ಒಂದರಂತೆ ಹೀಗೆ ಹುಟ್ಟುತ್ತವೆ. ಹೊಗೆಸೊಪ್ಪು, ಗುಟ್ಕಾ ತಿಂದು ಬಾಯಿಗೆ ಕ್ಯಾನ್ಸರ್ ತಗಲಿ ದವಡೆ ಕೊಯ್ಸಿಕೊಂಡವರು ಜಿಲ್ಲೆ ಜಿಲ್ಲೆಯಲ್ಲಿದ್ದಾರೆ. ಸಂಡೂರು, ಕೂಡ್ಲಿಗಿ, ಹೊಸಪೇಟೆಯ ಕಡೆ ಹೊಲಕ್ಕೆ ನೀರು ಕಟ್ಟಲು ನಸುಕಿನಲ್ಲಿ ಹೋದ ರೈತ, ಕುರಿ ಹಿಂದೆ ಹೋದ ಹುಡುಗ ಕರಡಿಯ ಕೈಗೆ ಸಿಕ್ಕಿಬೀಳುತ್ತಾರೆ. ಕರಡಿ ಎದ್ದು ನಿಂತು ಹೊಡೆಯುವುದು ತಲೆಗೆ, ಮುಖಕ್ಕೆ. ಕಣ್ಣು ಹೋಗುತ್ತದೆ, ಮೂಗು ಹೋಗುತ್ತದೆ, ಮನುಷ್ಯ ಉಳಿಯುತ್ತಾನೆ. ಪತ್ರಿಕೆಯಲ್ಲಿ ಬರುವುದು ಮೂಲೆಯಲ್ಲಿ ನಾಲ್ಕು ಸಾಲು: 'ಕರಡಿ ದಾಳಿ: ರೈತನಿಗೆ ಗಂಭೀರ ಗಾಯ.' ಆ ರೈತ ಆಸ್ಪತ್ರೆಯಿಂದ ಬಂದ ಮೇಲೆ ಸಂತೆಗೆ ಹೋಗಲು ಹೆದರುತ್ತಾನೆಯೆ, ಅವನನ್ನು ಕಂಡು ನೆರೆಮನೆಯ ಮಕ್ಕಳು ಓಡುತ್ತವೆಯೆ ಎಂದು ಐದನೆಯ ಸಾಲು ಬರೆದವರಿಲ್ಲ.

ಸುದ್ದಿ ಬಿಟ್ಟ ಜಾಗವನ್ನು ಸಿನಿಮಾ ತುಂಬುತ್ತದೆ. ಖಳನಾಯಕನ ಕೆನ್ನೆಯ ಮೇಲೆ ಒಂದು ಗಾಯದ ಗೆರೆ ಎಳೆದರೆ ಸಾಕು, ಅವನು ಕೆಟ್ಟವನೆಂದು ನಂಬಿಸಲು ಬೇರೆ ಶ್ರಮವೇ ಬೇಡ. ಜೇಮ್ಸ್ ಬಾಂಡ್ ಚಿತ್ರಗಳು ಇದೇ ಉಪಾಯದಿಂದ ಬದುಕಿವೆ. 2021ರಲ್ಲಿ ಬಂದ ಚಿತ್ರದಲ್ಲೂ ಖಳನ ಮುಖದ ಮೇಲೆ ಕಲೆಯೇ. ಹಿಂದಿಯ 'ಸತ್ಯಂ ಶಿವಂ ಸುಂದರಂ' 1978ರಲ್ಲಿ ಬಂತು. ಅದರ ನಾಯಕಿಯ ಕೆನ್ನೆ ಬಾಲ್ಯದಲ್ಲೇ ಸುಟ್ಟದ್ದು. ಅವಳ ಕಂಠಕ್ಕೆ ಮರುಳಾದ ನಾಯಕ ಮುಖ ಕಂಡೊಡನೆ ಇವಳು ಅವಳೇ ಅಲ್ಲ ಎನ್ನುತ್ತಾನೆ. ಇಂಥ ಕಥೆಗಳಲ್ಲಿ ಕಲೆಯ ಮುಖಕ್ಕೆ ಎರಡೇ ಪಾತ್ರ: ಒಂದೋ ಹೆದರಿಸಬೇಕು, ಇಲ್ಲವೆ ಅಳಿಸಬೇಕು. ಅಂಚೆ ಹಂಚುವ, ಲೆಕ್ಕ ಬರೆಯುವ, ಪಾಠ ಹೇಳುವ, ನಗುವ, ಸಿಟ್ಟಾಗುವ, ಸಾಲ ತೀರಿಸುವ ಪಾತ್ರ ಅದಕ್ಕೆ ಸಿಗುವುದಿಲ್ಲ.

ಇದು ಪಡುವಣದಿಂದ ಬಂದ ರೋಗ ಎಂದು ಕೈ ತೊಳೆದುಕೊಳ್ಳುವಂತಿಲ್ಲ. ದೇಹದ ವಿಕಾರಕ್ಕೂ ಮನಸ್ಸಿನ ವಿಕಾರಕ್ಕೂ ಗಂಟು ಹಾಕುವ ಚಟ ನಮ್ಮ ಪುರಾಣಗಳಲ್ಲೇ ಇದೆ. ಮಂಥರೆಗೆ ಗೂನು ಕೊಟ್ಟು ಕೇಡನ್ನೂ ಕೊಟ್ಟರು. ಶೂರ್ಪನಖಿಯ ಮೂಗು ಕೊಯ್ದದ್ದನ್ನು ನೋಡಿ ನಮ್ಮ ಬಯಲಾಟದ ಪ್ರೇಕ್ಷಕರು ಇಂದಿಗೂ ನಗುತ್ತಾರೆ. ಆದರೆ ಇದೇ ಕನ್ನಡ ನೆಲದಲ್ಲಿ ಕುವೆಂಪು ಅವರು 1949ರಲ್ಲಿ ಪ್ರಕಟವಾದ 'ಶ್ರೀರಾಮಾಯಣ ದರ್ಶನಂ'ನಲ್ಲಿ ಅದೇ ಮಂಥರೆಯ ಗೂನಿನ ಹಿಂದಿದ್ದ ಮಮತೆಯನ್ನು ಕಂಡರು. ಕವಿ ಕಣ್ಣು ತೆರೆದರೆ ಸಾವಿರಾರು ವರ್ಷದ ಕಥೆಯೂ ಬದಲಾಗುತ್ತದೆ. ಹಾಗಿದ್ದ ಮೇಲೆ ನಿನ್ನೆ ಮೊನ್ನೆಯ ಸುದ್ದಿ ಬರೆಯುವವನ ಕೈ ಬದಲಾಗಬಾರದೆ?

ಕರ್ನಾಟಕದ ಚರಿತ್ರೆಗೆ ಸೇರಿದ ಒಂದು ಹಳೆಯ ವರದಿಯನ್ನು ಇಲ್ಲಿ ನೆನೆಯಬೇಕು. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕೌಸಜಿ ಎಂಬ ಮರಾಠ ರೈತ ಟಿಪ್ಪುವಿನ ಕಡೆಯವರ ಸೆರೆಗೆ ಸಿಕ್ಕಿದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಆಮೇಲೆ ಪುಣೆಯ ಕಡೆಯ ಒಬ್ಬ ದೇಶೀ ಕುಶಲಿ ಅವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಮಾಡಿ ಕೂಡಿಸಿದ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಪತ್ರಿಕೆ ಇದನ್ನು ಚಿತ್ರಸಹಿತ ಅಚ್ಚು ಹಾಕಿತು. ಅದನ್ನು ಓದಿಯೇ ಯೂರೋಪಿನ ವೈದ್ಯರು ಆ ವಿದ್ಯೆಯನ್ನು ಕಲಿತರು. ಇಂದಿನ ಪ್ಲಾಸ್ಟಿಕ್ ಸರ್ಜರಿಯ ಬೇರುಗಳಲ್ಲಿ ಒಂದು ಅಲ್ಲಿದೆ. ಆ ಪತ್ರಿಕೆ ಆಳುವವರ ಪತ್ರಿಕೆ. ಅದಕ್ಕೆ ಬೇಕಾಗಿದ್ದುದು ಮುಖ್ಯವಾಗಿ ಶಸ್ತ್ರವೈದ್ಯದ ವಿಸ್ಮಯ. ಅಷ್ಟಾದರೂ ಅದರಲ್ಲಿ ಒಂದು ಸಾಲಿತ್ತು: ಆ ಮನುಷ್ಯ ಈಗ ಕಂಪನಿಯ ಪಿಂಚಣಿ ಪಡೆಯುತ್ತಿದ್ದಾನೆ ಎಂದು. ಅವನ ಹೆಸರೂ ಇತ್ತು, ಕಸುಬೂ ಇತ್ತು, ಅವನ ಜೀವನಕ್ಕೆ ಆಧಾರ ಏನು ಎಂಬುದೂ ಇತ್ತು. ಇನ್ನೂರು ವರ್ಷಗಳ ಮೇಲೆ, ಪ್ರಜಾಪ್ರಭುತ್ವದ ಪತ್ರಿಕೆಗಳು ಆ ಕೊನೆಯ ಒಂದು ಸಾಲನ್ನು ಬರೆಯಲು ಮರೆತಿವೆ.

ಆ ಸಾಲು ಬರೆಯಲು ಸಾಮಗ್ರಿ ಇಲ್ಲವೆ? ಬೇಕಾದಷ್ಟಿದೆ. 2013ರ ಕಾಯಿದೆ ತಿದ್ದುಪಡಿ ಆಸಿಡ್ ದಾಳಿಯನ್ನು ಪ್ರತ್ಯೇಕ ಅಪರಾಧವನ್ನಾಗಿ ಮಾಡಿತು. ಕನಿಷ್ಠ 10 ವರ್ಷ ಸೆರೆ, ಗರಿಷ್ಠ ಆಜೀವ ಸೆರೆ. ಇಂದು ಅದು ಭಾರತೀಯ ನ್ಯಾಯ ಸಂಹಿತೆಯ 124ನೆಯ ಕಲಂ. ಸರಕಾರಿಯಾಗಲಿ ಖಾಸಗಿಯಾಗಲಿ, ಯಾವ ಆಸ್ಪತ್ರೆಯೂ ಇಂಥವರಿಗೆ ಕೂಡಲೇ ಪುಕ್ಕಟೆ ಚಿಕಿತ್ಸೆ ಕೊಡತಕ್ಕದ್ದು. ಕೊಡದಿದ್ದರೆ ಅದೇ ಅಪರಾಧ. 2013ರ ಜುಲೈ 18ರಂದು ಸುಪ್ರೀಂ ಕೋರ್ಟು ಆಸಿಡ್ ಮಾರುವವರು ಕೊಂಡವರ ಹೆಸರು, ವಿಳಾಸ ಬರೆದಿಡಬೇಕು, ಗುರುತಿನ ಚೀಟಿ ನೋಡಬೇಕು, 18 ತುಂಬದವರಿಗೆ ಮಾರಕೂಡದು ಎಂದು ಆಜ್ಞೆ ಮಾಡಿತು. ಕನಿಷ್ಠ 3 ಲಕ್ಷ ರೂಪಾಯಿ ಪರಿಹಾರ ಎಂದಿತು. 2018ರ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಯೋಜನೆಯಲ್ಲಿ ಮುಖ ವಿರೂಪಗೊಂಡ ಮಹಿಳೆಗೆ 7ರಿಂದ 8 ಲಕ್ಷ ಎಂದು ಗೊತ್ತುಮಾಡಲಾಗಿದೆ. ಇಷ್ಟೆಲ್ಲ ಕಾಗದದ ಮೇಲಿದೆ. ನಮ್ಮ ಜಿಲ್ಲೆಯ ಯಾವ ಅಂಗಡಿಯಲ್ಲಿ ಆ ಪುಸ್ತಕ ಇಟ್ಟಿದ್ದಾರೆ? ಕಕ್ಕಸು ತೊಳೆಯುವ ಆಸಿಡ್ಡನ್ನು ಸೀಸೆಗೆ ಸುರಿದು ಕೊಡುವಾಗ ಯಾರ ಗುರುತಿನ ಚೀಟಿ ನೋಡಿದ್ದಾರೆ? ಪರಿಹಾರದ ಅರ್ಜಿ ಯಾವ ಮೇಜಿನ ಮೇಲೆ ಎಷ್ಟು ದಿನ ಮಲಗಿದೆ? ವರದಿಗಾರನೊಬ್ಬ ಕೈಚೀಲ ಹಿಡಿದು ಪೇಟೆ ಬೀದಿಯಲ್ಲಿ ಒಂದು ಸುತ್ತು ಹಾಕಿದರೆ ಸಿಗುವ ಸುದ್ದಿ ಇದು. ಸುಟ್ಟ ಮುಖದ ಚಿತ್ರಕ್ಕಿಂತ ಈ ಸುದ್ದಿಯೇ ನಾಳೆಯ ಮುಖವೊಂದನ್ನು ಉಳಿಸೀತು.

ಈ ಕಾನೂನುಗಳು ಕೂಡ ಆಕಾಶದಿಂದ ಉದುರಲಿಲ್ಲ. 1999ರಲ್ಲಿ ಬೆಂಗಳೂರಿನ ಯುವತಿಯೊಬ್ಬರ ಮೇಲೆ ಆಕೆ ಹಿಂದೆ ಕೆಲಸ ಮಾಡಿದ್ದ ಕಡೆಯ ಯಜಮಾನನೇ ಆಸಿಡ್ ಸುರಿದ. ಕೆಳಗಿನ ಕೋರ್ಟು ಕೊಟ್ಟದ್ದು ಕೆಲವೇ ವರ್ಷಗಳ ಸೆರೆ. ಆಕೆಯೂ ಮನೆಯವರೂ ಬಿಡಲಿಲ್ಲ. 2006ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಆಜೀವ ಸೆರೆಗೆ ಏರಿಸಿತು. ಇದರ ನಡುವೆ, 2003ರಲ್ಲಿ, ಮಹಿಳಾ ಸಂಘಟನೆಗಳೂ ದಾಳಿಗೆ ತುತ್ತಾದವರೂ ಒಂದುಗೂಡಿ ಹೋರಾಟಕ್ಕೆ ಇಳಿದು, ರಾಜ್ಯದ ಪ್ರಕರಣಗಳನ್ನು ಒಂದೊಂದಾಗಿ ದಾಖಲಿಸಿದರು. ಸುಟ್ಟ ಮುಖಗಳನ್ನು ಮುಚ್ಚಿಕೊಳ್ಳದೆ ಬೀದಿಗೆ ಬಂದು ನ್ಯಾಯ ಕೇಳಿದ ಈ ಹೆಣ್ಣುಮಕ್ಕಳನ್ನು ಪತ್ರಿಕೆಗಳು 'ನತದೃಷ್ಟೆಯರು' ಎಂದು ಕರೆದವು. ಅದೃಷ್ಟದ ಮಾತು ಇಲ್ಲೇಕೆ? ಅವರು ಹೋರಾಟಗಾರರು. ಗಿರಣಿ ಕಾರ್ಮಿಕ ಮುಷ್ಕರ ಹೂಡಿದರೆ ನತದೃಷ್ಟ ಎನ್ನುತ್ತೇವೆಯೆ?

ಕಾಲ ಬದಲಾಗಿದೆ, ಪತ್ರಿಕೆಯ ಜಾಗದಲ್ಲಿ ಈಗ ಕೈಯೊಳಗಿನ ಫೋನು ಬಂದಿದೆ. ಅಮೆರಿಕದ ಟೆಕ್ಸಾಸ್ ಪ್ರಾಂತದ ಲಿಜ್ಜಿ ವೆಲಾಸ್ಕೆಜ್ ಎಂಬಾಕೆಗೆ ಹುಟ್ಟಿನಿಂದ ಬಂದ ಅಪರೂಪದ ಕಾಯಿಲೆ. ಮೈಮೇಲೆ ಕೊಬ್ಬು ನಿಲ್ಲುವುದಿಲ್ಲ, ಮುಖವೂ ಬೇರೆಯವರಂತಿಲ್ಲ. 17 ವರ್ಷದವಳಿದ್ದಾಗ ಯಾರೋ ಆಕೆಯ ಚಿತ್ರವನ್ನು 'ಜಗತ್ತಿನ ಅತಿ ಕುರೂಪಿ ಹೆಣ್ಣು' ಎಂದು ಹೆಸರಿಟ್ಟು ಇಂಟರ್‌ನೆಟ್ಟಿನಲ್ಲಿ ಹರಿಯಬಿಟ್ಟಿದ್ದನ್ನು ಆಕೆಯೇ ನೋಡಿದಳು. ಲಕ್ಷಾಂತರ ಮಂದಿ ನೋಡಿದ್ದರು; ಸಾಯಬಾರದೆ ಎಂದು ಬರೆದವರೂ ಇದ್ದರು. ಆಕೆ ಸಾಯಲಿಲ್ಲ. ಓದಿದಳು, ಪುಸ್ತಕ ಬರೆದಳು, ಸಭೆಗಳಲ್ಲಿ ನಿಂತು ಮಾತಾಡಿದಳು. ಸಂತೆಯಲ್ಲಿ ಹತ್ತು ಮಂದಿ ನಕ್ಕು ಸಂಜೆಗೆ ಮರೆಯುತ್ತಿದ್ದ ಅಪಹಾಸ್ಯ ಇಂದು ಯಂತ್ರದ ಸಹಾಯದಿಂದ ಸಾಯಂಕಾಲವೇ ಇಲ್ಲದ ಸಂತೆಯಾಗಿದೆ. ಪ್ರತಿ ನೋಟಕ್ಕೂ ಕಾಸು ಎಣಿಸಿಕೊಳ್ಳುವ ಕಂಪನಿಗಳಿಗೆ ನಗುವೂ ಲಾಭ, ಅಳುವೂ ಲಾಭ.

ಯಂತ್ರದ ಅನ್ಯಾಯ ನಗುವಿನಲ್ಲಿಗೇ ನಿಲ್ಲುವುದಿಲ್ಲ. ಬ್ಯಾಂಕಿನಲ್ಲಿ ಖಾತೆ ತೆರೆಯಲು ಈಗ ಫೋನಿನ ಕ್ಯಾಮೆರಾದ ಮುಂದೆ ಕುಳಿತು ಕಣ್ಣು ಮಿಟುಕಿಸಿ ತಾನು ಜೀವಂತ ಮನುಷ್ಯ ಎಂದು ರುಜುವಾತು ಮಾಡಬೇಕು. ಆಸಿಡ್ಡಿನಿಂದ ರೆಪ್ಪೆ ಸುಟ್ಟುಹೋದವಳು ಹೇಗೆ ಮಿಟುಕಿಸಿಯಾಳು? 2023ರಲ್ಲಿ ಹೀಗೆ ಮಿಟುಕಿಸಲಾರದೆ ಖಾತೆ ಸಿಗದ ಹೆಣ್ಣುಮಗಳೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. 2025ರ ಏಪ್ರಿಲ್ 30ರಂದು ಕೋರ್ಟು, ಇಂಥ ಸೌಲಭ್ಯ ಎಲ್ಲರ ಕೈಗೆಟಕುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿಗೇ ಸೇರಿದ್ದು ಎಂದು ಹೇಳಿ, ಸರಕಾರಕ್ಕೂ ಸಂಸ್ಥೆಗಳಿಗೂ 20 ನಿರ್ದೇಶನಗಳನ್ನು ಕೊಟ್ಟಿತು. ಯೋಚಿಸಿ ನೋಡಿ. ಆ ಯಂತ್ರವನ್ನು ಕಟ್ಟಿದವರು ದಡ್ಡರೇನಲ್ಲ, ದುಷ್ಟರೂ ಅಲ್ಲ. 'ಮನುಷ್ಯ' ಎಂದಾಗ ಅವರ ಮನಸ್ಸಿಗೆ ಬಂದ ಮುಖಗಳಲ್ಲಿ ಇಂಥ ಮುಖ ಒಂದೂ ಇರಲಿಲ್ಲ, ಅಷ್ಟೆ. ಏಕೆ ಇರಲಿಲ್ಲ? ಅವರು ಓದಿದ ಪತ್ರಿಕೆ, ನೋಡಿದ ಸಿನಿಮಾ, ಕಂಡ ಜಾಹೀರಾತು ಯಾವುದೂ ಆ ಮುಖವನ್ನು ಬ್ಯಾಂಕಿನ ಗಿರಾಕಿಯಾಗಿ ತೋರಿಸಲಿಲ್ಲ. ಚಿತ್ರದಲ್ಲಿ ಅಳಿಸಿದ್ದು ಬಾಳಿನಲ್ಲೂ ಅಳಿಸಿಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಕೆಲವರು ಕೇಳಬಹುದು: ಹಾಗಾದರೆ ಚಿತ್ರ ಹಾಕಲೇಬಾರದೆ? ಹಾಕಿದರೆ ಕ್ರೌರ್ಯ, ಹಾಕದಿದ್ದರೆ ಮರೆವು ಎಂದರೆ ಪತ್ರಿಕೆಯವನು ಮಾಡುವುದೇನು? ಸರಿಯಾದ ಪ್ರಶ್ನೆ. ಜನರ ಮನ ಕಲಕಲು ಚಿತ್ರ ಬೇಕೇ ಬೇಕು ಎಂಬ ವಾದದಲ್ಲೂ ಸ್ವಲ್ಪ ತಿರುಳಿದೆ. ಉತ್ತರ ಇಷ್ಟೇ: ಮುಖ ಯಾರದೋ, ಮಾತೂ ಅವರದೇ ಆಗಲಿ. ಆಸ್ಪತ್ರೆಯ ಹಾಸಿಗೆಯ ಮೇಲೆ ಪ್ರಜ್ಞೆಯಿಲ್ಲದೆ ಮಲಗಿದವಳ ಚಿತ್ರ ತೆಗೆಯುವುದು ಕಳ್ಳತನ. ಅದೇ ಮನುಷ್ಯಳು ಎದ್ದು ನಿಂತು, 'ಇದು ನನ್ನ ಮುಖ, ನೋಡಿ, ನನ್ನ ಹೆಸರು ಹಾಕಿ, ನನ್ನ ಮಾತು ಬರೆಯಿರಿ' ಎಂದರೆ ಅದನ್ನು ಮಸುಕು ಮಾಡಿ ಮರೆಮಾಚುವುದೂ ಅನ್ಯಾಯವೇ. ಅತ್ಯಾಚಾರಕ್ಕೆ ತುತ್ತಾದವರ ಗುರುತು ಬಯಲು ಮಾಡುವುದನ್ನು ಕಾನೂನು ನಿಷೇಧಿಸಿದೆ. ಆಸಿಡ್ಡಿಗೆ ತುತ್ತಾದವರಿಗೆ ಆ ರಕ್ಷಣೆ ಇಲ್ಲ. ಆದ್ದರಿಂದ ಇಲ್ಲಿ ಪತ್ರಿಕೆಯವನ ಮನಸ್ಸಾಕ್ಷಿಯೇ ಕಾನೂನಾಗಬೇಕು.

ದಾರಿ ತೋರಿಸಿದವರೂ ಇದ್ದಾರೆ. ಇಂಗ್ಲೆಂಡಿನ ಜೇಮ್ಸ್ ಪಾರ್ಟ್ರಿಜ್ 1970ರಲ್ಲಿ, ತಮ್ಮ 18ನೆಯ ವಯಸ್ಸಿನಲ್ಲಿ, ಕಾರಿನ ಬೆಂಕಿಯಲ್ಲಿ ಮುಖ ಸುಟ್ಟುಕೊಂಡವರು. 1992ರಲ್ಲಿ 'ಚೇಂಜಿಂಗ್ ಫೇಸಸ್' ಎಂಬ ಸಂಸ್ಥೆ ಕಟ್ಟಿದರು. 2009ರ ನವೆಂಬರಿನಲ್ಲಿ ಅಲ್ಲಿನ ಒಂದು ಟೆಲಿವಿಷನ್ನಿನಲ್ಲಿ ಒಂದು ವಾರ ಮಧ್ಯಾಹ್ನದ ವಾರ್ತೆ ಓದಿದರು. ತಮ್ಮ ಕಥೆ ಹೇಳಲಿಲ್ಲ, ದೇಶದ ಸುದ್ದಿ ಓದಿದರು. ಆಕಾಶವೇನೂ ಕಳಚಿ ಬೀಳಲಿಲ್ಲ. 2018ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್, ಖಳರಿಗೆ ಗಾಯದ ಮುಖ ಕೊಡುವ ಚಿತ್ರಗಳಿಗೆ ತಾನು ಹಣ ಕೊಡುವುದಿಲ್ಲವೆಂದು ಸಾರಿತು. ನಮ್ಮಲ್ಲೂ 2014ರಲ್ಲಿ ಆಗ್ರಾದಲ್ಲಿ ಆಸಿಡ್ ದಾಳಿಗೆ ತುತ್ತಾದ ಹೆಣ್ಣುಮಕ್ಕಳೇ ನಡೆಸುವ 'ಶೀರೋಸ್' ಹೋಟೆಲು ತೆರೆಯಿತು. ಆಕೆಯ ಕೈಯಿಂದ ಚಹಾ ಇಸಿದುಕೊಂಡು, ಲೋಕಾಭಿರಾಮ ಮಾತಾಡಿ, ಕಾಸು ಕೊಟ್ಟು ಬಂದ ಗಿರಾಕಿಗೆ ಎರಡನೆಯ ಸಲ ಹೋದಾಗ ಕಾಣುವುದು ಕಲೆಯಲ್ಲ, ಚಹಾ ಕೊಟ್ಟವರು. ಮಲಯಾಳದ 'ಉಯರೆ' 2019ರಲ್ಲೂ, ಹಿಂದಿಯ 'ಛಪಾಕ್' 2020ರಲ್ಲೂ ಬಂದವು. ಅವುಗಳ ನಾಯಕಿಯರು ಕೆಲಸ ಮಾಡುತ್ತಾರೆ, ಕೋರ್ಟಿಗೆ ಹೋಗುತ್ತಾರೆ. 2024ರ ಜುಲೈ 8ರಂದು ಸುಪ್ರೀಂ ಕೋರ್ಟು, ಅಂಗವಿಕಲರನ್ನು ಚಿತ್ರಗಳಲ್ಲಿ ತೋರಿಸುವ ಬಗೆಗೆ ಮಾರ್ಗಸೂಚಿ ಕೊಟ್ಟು, ಹೀಯಾಳಿಸುವ ಹಾಸ್ಯವನ್ನೂ ಅರಿವು ಕೊಡುವ ಹಾಸ್ಯವನ್ನೂ ಬೇರ್ಪಡಿಸಿತು. ಒಳ್ಳೆಯ ಮಾತು, ಪಾಲಿಸುವವರು ಬೇಕು.

ಇನ್ನು ಸರಕಾರದ ಮುಂದೆ ಇಡಬೇಕಾದ ಬೇಡಿಕೆ ಒಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಆಸಿಡ್ ದಾಳಿಗೆ ತುತ್ತಾದವರನ್ನು ತನ್ನ ಪಟ್ಟಿಗೆ ಸೇರಿಸಿ, ಸರಕಾರಿ ಕೆಲಸದ ಮೀಸಲಾತಿಯಲ್ಲಿ ಪಾಲು ಕೊಟ್ಟಿದೆ. ಸ್ವಾಗತ. ಆದರೆ ಆ ವ್ಯಾಖ್ಯೆ ಎರಚಿದ ಆಸಿಡ್ಡಿಗೆ ಮಾತ್ರ ಅನ್ವಯ. ಅದೇ ಬಗೆಯಲ್ಲಿ ಕೆಟ್ಟ ಮುಖ ಸ್ಟೌವಿನಿಂದ ಬಂದರೆ, ಕರಡಿಯಿಂದ ಬಂದರೆ, ಕ್ಯಾನ್ಸರಿನಿಂದ ಬಂದರೆ ಆ ಬಾಗಿಲು ತೆರೆಯುವುದಿಲ್ಲ. ಕೆಲಸ ಕೊಡದೆ ಹಿಂದಕ್ಕೆ ಕಳಿಸುವ ಯಜಮಾನ ಕಾರಣ ಕೇಳುವುದಿಲ್ಲ, ಮುಖ ನೋಡುತ್ತಾನೆ. ಹಾಗಿರುವಾಗ ಕಾನೂನು ಕಾರಣ ಹುಡುಕುತ್ತ ಕೂರುವುದೇಕೆ? ಇಂಗ್ಲೆಂಡಿನ 2010ರ ಸಮಾನತೆಯ ಕಾಯಿದೆ ತೀವ್ರ ವಿರೂಪವನ್ನು, ಅದು ಹೇಗೆ ಬಂದಿತೆಂಬ ಭೇದವಿಲ್ಲದೆ, ರಕ್ಷಣೆಗೆ ಒಳಪಡಿಸಿದೆ. ನಮ್ಮ ಕಾಯಿದೆಗೂ ಆ ತಿದ್ದುಪಡಿ ಆಗಬೇಕು. ಪರಿಹಾರದ ಅರ್ಜಿಗಳಿಗೆ ಏನಾಯಿತೆಂಬ ಲೆಕ್ಕವನ್ನು ಪ್ರತಿ ಜಿಲ್ಲೆಯೂ ವರ್ಷಕ್ಕೊಮ್ಮೆ ಜನರ ಮುಂದಿಡಬೇಕು. ಆಸಿಡ್ ಮಾರಾಟದ ಪುಸ್ತಕವನ್ನು ತಹಸೀಲ್ದಾರರು ಅಂಗಡಿಗೆ ಹೋಗಿ ನೋಡಬೇಕು.

ಪತ್ರಕರ್ತ ಮಿತ್ರರಲ್ಲಿ ನಮ್ಮ ವಿನಂತಿ: ದಾಳಿಯ ದಿನ ಬರೆದ ಮೇಲೆ ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಆ ಮನೆಗೆ ಹೋಗಿ. ಕರುಣೆಯ ವಿಶೇಷಣಗಳನ್ನು ಬಿಟ್ಟು ಚಿಕಿತ್ಸೆಯ ಖರ್ಚು, ಮೊಕದ್ದಮೆಯ ತಾರೀಖು, ಸಂಬಳದ ಮೊತ್ತ ಬರೆಯಿರಿ. ವಾಚಕರಲ್ಲಿ ವಿನಂತಿ: ಯಾರದೋ ಮುಖವನ್ನು ತಮಾಷೆಗೆಂದು ಕಳಿಸಿದ ಚಿತ್ರ ನಿಮ್ಮ ಫೋನಿಗೆ ಬಂದರೆ ಅದು ನಿಮ್ಮಲ್ಲಿಗೇ ನಿಲ್ಲಲಿ. ಬಸ್ಸಿನಲ್ಲಿ ಅಂಥವರ ಪಕ್ಕದ ಜಾಗ ಖಾಲಿಯಿದ್ದರೆ ಹೋಗಿ ಕುಳಿತುಕೊಳ್ಳಿ.

ಸಿಡುಬು ಈ ದೇಶದಿಂದ ತೊಲಗಿದ್ದು 1975ರಲ್ಲಿ. ಅದಕ್ಕೆ ಮುಂಚೆ ಕಲೆಯ ಮುಖವಿಲ್ಲದ ಊರಿರಲಿಲ್ಲ. ಅಜ್ಜನ ಮುಖದಲ್ಲಿತ್ತು, ಮೇಷ್ಟರ ಮುಖದಲ್ಲಿತ್ತು, ಸಂತೆಯಲ್ಲಿ ತೂಗಿ ಕೊಡುವವಳ ಮುಖದಲ್ಲಿತ್ತು. ಅವರನ್ನು ದಿನವೂ ಕಂಡ ಜನಕ್ಕೆ ಅಜ್ಜ ಅಜ್ಜನಾಗಿದ್ದ, ಮೇಷ್ಟರು ಮೇಷ್ಟರಾಗಿದ್ದರು. ಬಳಕೆ ಇದ್ದಲ್ಲಿ ಭಯಕ್ಕೆ ಜಾಗ ಸಾಲದು. ಆ ಬಳಕೆಯನ್ನು ಮತ್ತೆ ಉಂಟುಮಾಡುವ ಶಕ್ತಿ ಇಂದು ಪತ್ರಿಕೆಗಿದೆ, ಪರದೆಗಿದೆ. ಮುಖ ನೋಡಿ ಮಣೆ ಹಾಕುವುದು ಜಮೀನ್ದಾರಿ ಕಾಲದ ಬುದ್ಧಿ. ಬಾಗಿಲಿಗೆ ಬಂದವರು ಯಾರೇ ಆಗಲಿ, ಮಣೆ ಒಂದೇ ಎತ್ತರದ್ದಾಗಿರಲಿ.